ಸಿಂಹದ ಕೆನ್ನೆಗೆ ಮೆತ್ತಿದ ಸಿಮೆಂಟು

ಅಕ್ಕಾ,

ಕಾರ್ಡನ್ನು ಬೇಕೆಂದೇ ನೀನು ಪಾಠ ಮಾಡುವ ಶಾಲೆಯ ವಿಳಾಸಕ್ಕೆ ಹಾಕುತ್ತಿದ್ದೇನೆ, ಮನೆಗೆ ಒಯ್ಯಬೇಡ. ಅಪ್ಪ ಹರೆಯದಲ್ಲಿ ಗಾರೆ ಕೆಲಸಕ್ಕೆ ಇಲ್ಲಿಯ ಗುಡಿಗೆ ಬಂದು, ಬಿರುಕುಬಿಟ್ಟಿದ್ದ ಹಳೆಯ ಕಲ್ಲಿನ ಸಿಂಹವನ್ನು ಉಳಿಸಿದೆ ಎಂದು ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿದ್ದರಲ್ಲ, ಇವತ್ತು ಇಲಾಖೆಯ ಕೆಲಸದ ಮೇಲೆ ಬಂದು ಅದನ್ನೇ ಪರೀಕ್ಷಿಸಿದೆ. ಕೆನ್ನೆಗೆ ಅವರು ಮೆತ್ತಿದ ಸಿಮೆಂಟು ಇನ್ನೂ ಉಕ್ಕಿನ ಹಾಗಿದೆ. ಸುತ್ತಲಿನ ಕಲ್ಲು ಮಾತ್ರ ಬೆರಳು ತಾಗಿದರೆ ಹಿಟ್ಟಿನಂತೆ ಉದುರುತ್ತದೆ. ಸಿಮೆಂಟು ದಾರಿ ಬಿಡದ ತೇವವೆಲ್ಲ ಪಕ್ಕದ ಕಲ್ಲಿಗೆ ನುಗ್ಗಿ, ಉಪ್ಪು ಕಕ್ಕಿಸಿ ಪುಡಿಮಾಡಿದೆ. ಮರದ ಸುತ್ತಿಗೆಯಿಂದ ತಟ್ಟಿದರೆ ಕಿವಿಯವರೆಗೂ ಟೊಳ್ಳು ಸದ್ದು. ಇನ್ನೊಂದು ಮಳೆಗಾಲಕ್ಕೆ ಮುಖ ಉಳಿಯುವುದಿಲ್ಲ.

"ಯಾವ ಪುಣ್ಯಾತ್ಮ ಮೆತ್ತಿದ್ನೋ ಸಾರ್, ಕಲ್ಲನ್ನೇ ತಿಂದು ಹಾಕ್ಬಿಟ್ಟಿದೆ" ಎಂದ ಕಾವಲುಗಾರ. ನಾನು ವರದಿಯಲ್ಲಿ ಕಾರಣ ಕೇಳಿದ ಕಡೆ 'ಹಿಂದಿನ ದುರಸ್ತಿ' ಎಂದಷ್ಟೇ ಬರೆದು ಸಹಿ ಹಾಕಿದೆ.

ಕಲ್ಲಿನ ಧೂಳಿಗೆ ಕೆಮ್ಮು ಮತ್ತೆ ಶುರುವಾಗಿದೆ. ಔಷಧಿ ಕುಡಿಯುತ್ತಿದ್ದೇನೆ, ಗಾಬರಿಯಾಗಬೇಡ. ಅಂಚೆ ಡಬ್ಬಿ ತೆರೆಯುವ ಹೊತ್ತಾಯಿತು. ಸಿಂಹ ಹೇಗಿದೆಯಂತೆ ಎಂದು ಅಪ್ಪ ಕೇಳಿಯೇ ಕೇಳುತ್ತಾರೆ. ಅವರ ಸಿಮೆಂಟು ಒಂದು ಚೂರೂ ಅಲುಗಿಲ್ಲವಂತೆ ಎನ್ನು. ಅದೇನೂ ಸುಳ್ಳಲ್ಲ.

ನಿನ್ನ ತಮ್ಮ