ನನ್ನ ದನಿಯಲ್ಲಿ ಬಂದ ಸುದ್ದಿ

ಸೆಪ್ಟೆಂಬರ್ 3, ಮಂಗಳವಾರ

ರೇಡಿಯೋದಲ್ಲಿ ಹನ್ನೆರಡರ ಸುದ್ದಿ ಓದಿ ಬಂದೆ. ಮರಗೆಣಸಿನ ಮುದ್ದೆ, ಸೊಪ್ಪು. ಫಿದೆಲ್ ಇನ್ನೂ ಚಾಪೆ ಬಿಟ್ಟು ಎದ್ದಿಲ್ಲ. ಮರದ ಮಿಲ್ ಮುಚ್ಚಿ ಐದು ತಿಂಗಳು. ಕೆಲಸವಿಲ್ಲದ ಗಂಡ ಮನೆಯಲ್ಲಿದ್ದರೆ ಗೋಡೆಗಳೂ ಸಿಡುಕುತ್ತವೆ... ಉಪ್ಪು ಮುಗಿದಿತ್ತು. ಪಕ್ಕದ ಮನೆಯ ಮೈರಾಮು ಅಕ್ಕ ತಮ್ಮ ಅಂಗಡಿಯಿಂದ ಒಂದು ಡಬ್ಬಿ ತಂದುಕೊಟ್ಟಳು.

"ಇಟ್ಕೋ ತಂಗಿ, ಆಮೇಲೆ ನೋಡೋಣ."

ಅವಳ ಗಂಡ ಯಾಯಾ ಬೇಲಿಯಾಚೆಯಿಂದ, "ರೇಡಿಯೋದವ್ರ ಮನೇಲೇ ಉಪ್ಪಿಲ್ಲ ಅಂದ್ರೆ ಸುದ್ದಿ ಸಪ್ಪೆ ಆಗಲ್ವಾ?"

ನಕ್ಕೆವು.

ಸೆಪ್ಟೆಂಬರ್ 12, ಗುರುವಾರ

ಸ್ಟೇಷನ್ ಡೈರೆಕ್ಟರ್ ಓದಲು ಒಂದು ಹಾಳೆ ಕೊಟ್ಟರು. ಸಹಿ ಇಲ್ಲ, ಸೀಲಿಲ್ಲ. ಅದರಲ್ಲಿದ್ದದ್ದು: ಮುಸ್ಲಿಂ ವರ್ತಕರು ಸಕ್ಕರೆ, ಉಪ್ಪು ಬಚ್ಚಿಟ್ಟಿದ್ದಾರೆ. ಮಿಲ್ ಮುಚ್ಚಿಸಿದ್ದೂ ಅವರೇ. ನಮ್ಮೂರಿನ ಅಂಗಡಿಗಳೆಲ್ಲ ಮುಸ್ಲಿಮರವೇ. ಯಾಯಾನದೂ.

"ಇದೆಲ್ಲಿಂದ ಬಂತು ಸಾರ್?"

"ರಾಜಧಾನಿಯಿಂದ, ಬಂಗಿಯಿಂದ. ಕೆಲಸ ಬೇಕೋ ಬೇಡ್ವೋ, ಸೋಲಾಂಜ್?"

ಓದಿದೆ. ಒಂದು ಕಡೆಯೂ ತಡವರಿಸಲಿಲ್ಲ.

ಸಂಜೆ ಬೇಲಿ ಬಳಿ ಮೈರಾಮು ಅಕ್ಕ: "ನಿನ್ನ ದನಿ ಕೇಳ್ದೆ ತಂಗಿ. ಸ್ಪಷ್ಟವಾಗಿತ್ತು." ಅಷ್ಟೇ ಅಂದು ಒಳಗೆ ಹೋದಳು.

ಸೆಪ್ಟೆಂಬರ್ 20, ಶುಕ್ರವಾರ

ಇವತ್ತಿನ ಹಾಳೆ: ಉಪ್ಪಿನಲ್ಲಿ ವಿಷ, ಮಸೀದಿಯಲ್ಲಿ ಕತ್ತಿ. ಮನೆಗೆ ಬಂದರೆ ಫಿದೆಲ್ ಉಪ್ಪಿನ ಡಬ್ಬಿಯನ್ನು ಚರಂಡಿಗೆ ಸುರಿಯುತ್ತಿದ್ದ.

"ಹದಿನೈದು ದಿನದಿಂದ ತಿಂತಾ ಇದೀವಿ. ಸತ್ತಿದೀವಾ?"

"ರೇಡಿಯೋದಲ್ಲಿ ಬಂತು."

"ಓದಿದ್ದು ನಾನೇ ಅಲ್ವಾ! ಯಾರೋ ಕೊಟ್ಟ ಹಾಳೆ!"

"ನೀನಾದ್ರೂ ಓದು, ಬೇರೆಯವ್ರಾದ್ರೂ ಓದ್ಲಿ. ರೇಡಿಯೋ ರೇಡಿಯೋನೇ. ಮಿಲ್ ಸುಮ್‌ಸುಮ್ನೆ ಮುಚ್ತಾ?"

ಐದು ತಿಂಗಳಲ್ಲಿ ಮೊದಲ ಸಲ ಅವನ ಮುಖದಲ್ಲಿ ಜೀವ ಕಂಡೆ. ಬೈಯಲು ಯಾರೋ ಸಿಕ್ಕಿದ್ದರು.

ಸೆಪ್ಟೆಂಬರ್ 24, ಮಂಗಳವಾರ

ಬೆಳಿಗ್ಗೆ ಬೇಲಿಯಾಚೆ ಕಬ್ಬಿಣ ಮಸೆಯುವ ಸದ್ದು. ಅಂಗಳದಲ್ಲಿ ಆಡುತ್ತಿದ್ದ ಮಗಳನ್ನು ಒಳಗೆಳೆದು ಅಗಣಿ ಹಾಕಿದೆ. ಸಂದಿಯಿಂದ ನೋಡಿದರೆ — ಯಾಯಾ ಸೀದುಹೋದ ಪಾತ್ರೆಯ ತಳ ಕೆರೆಯುತ್ತಿದ್ದ.

ಕತ್ತಿಗಳು ಬರೀ ಹಾಳೆಯಲ್ಲಿವೆ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೂ ಬಾಗಿಲು ತೆರೆಯಲಿಲ್ಲ.

ಅಕ್ಟೋಬರ್ 16, ಬುಧವಾರ

ಬರೆಯಲಾಗಿರಲಿಲ್ಲ. ಸೋಮವಾರ ಅಂಗಡಿಗಳಿಗೆ ಬೆಂಕಿಯಿಟ್ಟರು. ಫಿದೆಲ್ ಒಂದು ಮೂಟೆ ಸಕ್ಕರೆ ಹೊತ್ತು ತಂದ. ಎಲ್ಲಿಂದ ಅಂತ ಕೇಳಲಿಲ್ಲ. ಚಹಾ ಮಾಡಿದೆ. ಕುಡಿದೆ.

ಇವತ್ತು ಮೈರಾಮು ಅಕ್ಕ ರೇಡಿಯೋ ಸ್ಟೇಷನ್‌ಗೆ ಬಂದಳು. ಕಾಲಲ್ಲಿ ಚಪ್ಪಲಿ ಇಲ್ಲ.

"ಯಾಯಾ ಸೋಮವಾರ ಹೋದೋರು ಬಂದಿಲ್ಲ. ಹೆಸರು ಓದಮ್ಮ. ಯಾರಾದ್ರೂ ಕಂಡಿದ್ರೆ ಹೇಳ್ಲಿ. ನೀನು ಹೇಳಿದ್ದನ್ನ ಈ ಊರು ನಂಬುತ್ತೆ."

ಡೈರೆಕ್ಟರ್ ಕಣ್ಣಲ್ಲೇ ಬೇಡವೆಂದರು.

"ನಾಳೆ ಅಕ್ಕ," ಅಂದೆ.

"ನಾಳೆ ನಮ್ಮನ್ನ ಲಾರಿ ಹತ್ತಿಸ್ತಾರೆ."

ಅಕ್ಟೋಬರ್ 18, ಶುಕ್ರವಾರ

ಲಾರಿಗಳು ಊರಿನ ಮುಸ್ಲಿಮರನ್ನೆಲ್ಲ ತುಂಬಿಕೊಂಡು ನಿನ್ನೆ ಹೋದವು, ಸೈನಿಕರ ಕಾವಲಲ್ಲಿ. ರಸ್ತೆಯ ಎರಡೂ ಬದಿ ಜನ ಚಪ್ಪಾಳೆ ತಟ್ಟಿದರು. ನಾನು ತಟ್ಟಲಿಲ್ಲ — ಅದೇ ನನ್ನ ಸಾಧನೆ. ಊರಲ್ಲೀಗ ಒಂದೂ ಅಂಗಡಿಯಿಲ್ಲ. ಮಿಲ್ಲೂ ತೆರೆದಿಲ್ಲ.

ಇವತ್ತು ಹಾಳೆ ಪಕ್ಕಕ್ಕಿಟ್ಟೆ. ಯಾಯಾ ಅಬ್ದುಲ್ಲಾಯ್, ನಲವತ್ತೆಂಟು ವರ್ಷ, ವ್ಯಾಪಾರಿ, ನನ್ನ ನೆರೆಯವರು, ಕಂಡವರು ತಿಳಿಸಿ — ಎರಡನೇ ಸಲ ಓದುವಷ್ಟರಲ್ಲಿ ಮೈಕ್ ಆಫ್ ಮಾಡಿದರು. ಇನ್ನು ಬರಬೇಡ ಅಂದರು.

ಮನೆಗೆ ಬಂದೆ. ಫಿದೆಲ್ ರೇಡಿಯೋ ಮುಂದೆ ಕೂತಿದ್ದ. ತಲೆ ಎತ್ತದೆ ಅಂದ:

"ಮೈರಾಮುಗೆ ಹೇಗಾದ್ರೂ ಹೇಳಿಕಳ್ಸು. ಕಾಯೋದು ಬೇಡ ಅಂತ."

"ಯಾಕೆ?"

"ಸೋಮವಾರ, ನದಿ ಹತ್ರ. ನಾವು ಆರು ಜನ ಇದ್ವಿ."

'ನಾವು' ಅಂದ. 'ಅವರು' ಅನ್ನಲಿಲ್ಲ. ನಾವು—