ಯಾರ ಮೊಣಕೈಯ ಎತ್ತರ

ಮನೆಗೆ ಹಿರಿಯರೂ ಗುಟ್ಟಿಗೆ ಗಟ್ಟಿಗರೂ ಆದ ಅತ್ತೆಯವರಿಗೆ, ಹಿರಿಸೊಸೆಯ ನಮಸ್ಕಾರ.

ಇಲ್ಲಿ ನನಗೆ ಕೊಟ್ಟಿರುವ ಕೋಣೆ ಚೊಕ್ಕಟವಾಗಿದೆ. ಒಂದು ಮಂಚ, ಒಂದು ಮೇಜು, ಕಿಟಕಿಯಾಚೆ ಇನ್ನೊಂದು ಕಟ್ಟಡದ ಬೆನ್ನು. ಹಗಲೆಲ್ಲ ಜನರ ಕಣ್ಣು ಪರೀಕ್ಷೆ ಮಾಡುವುದನ್ನು ಕಲಿಯುತ್ತೇನೆ, ಸಂಜೆ ಬೇರೆ ಯಾರೋ ಬೇಯಿಸಿದ್ದನ್ನು ಉಣ್ಣುತ್ತೇನೆ. ತಟ್ಟೆಯ ಮುಂದೆ ಕೂತ ಕೂಡಲೇ ನಿಮ್ಮ ನೆನಪಾಗುತ್ತದೆ. ನೆನಪಿನ ಬಾಲ ಹಿಡಿದುಕೊಂಡೇ ಒಂದು ಅನುಮಾನವೂ ಬರುತ್ತದೆ. ಅದನ್ನು ಕೊನೆಗೆ ಕೇಳುತ್ತೇನೆ. ಮೊದಲು ಹಳೆಯ ಅನುಮಾನಗಳ ಕಥೆ ಮುಗಿಸಿಬಿಡುತ್ತೇನೆ. ಕಥೆಗೆ ಹೂಂಗುಟ್ಟುವವರಿಲ್ಲದಿದ್ದರೆ ಅದು ನಡುದಾರಿಯಲ್ಲೇ ಕೂತುಬಿಡುತ್ತದೆ ಎಂದು ನಮ್ಮಜ್ಜಿ ಹೇಳುತ್ತಿದ್ದಳು. ಓದುತ್ತಾ ಅಲ್ಲಲ್ಲಿ ಹೂಂ ಅನ್ನಿ.

ನಾನು ಆ ಮನೆಗೆ ಬಂದಾಗಿನಿಂದ ಅಡುಗೆಕಟ್ಟೆ ನನ್ನ ಸೊಂಟಕ್ಕೂ ಕೆಳಗಿತ್ತು. ನಿಮ್ಮ ಅತ್ತೆ ಗಿಡ್ಡ, ನೀವು ಗಿಡ್ಡ, ಕಟ್ಟೆಯೂ ಗಿಡ್ಡ. ಬಾಗಿ ಬಾಗಿ ನನ್ನ ಬೆನ್ನು ಕುಡುಗೋಲಾಯಿತು. ಬಚ್ಚಲುಮನೆಯಲ್ಲಿ ಬಟ್ಟೆ ಒಗೆಯುವ ಕಲ್ಲು ನೆಲಕ್ಕೆ ಅಂಟಿಕೊಂಡಿತ್ತು. ನೀರು ಹೋಗುವ ಕಿಂಡಿ ಒಂದು ಮೂಲೆಯಲ್ಲಿದ್ದರೆ ನೀರು ಹೋಗಿ ನಿಲ್ಲುವುದು ಎದುರು ಮೂಲೆಯಲ್ಲಿ. ಬಾಗಿಲು ಎಷ್ಟು ತಗ್ಗೆಂದರೆ, ನಿಮ್ಮ ದೊಡ್ಡ ಮಗ ಸ್ನಾನಕ್ಕೆ ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಅದಕ್ಕೆ ಹಣೆ ಚಚ್ಚಿಕೊಳ್ಳುತ್ತಿದ್ದರು. ರಿಪೇರಿಯ ಮಾತೆತ್ತಿದಾಗಲೆಲ್ಲ ನಿಮ್ಮದು ಒಂದೇ ಉತ್ತರ: "ನಾನು ಬಾಗಿದೀನಿ, ನೀನೂ ಬಾಗು. ನಿನ್ನ ಬೆನ್ನೇನು ಬಂಗಾರದ್ದಾ?"

ಅಂಥ ನೀವು ಒಂದು ಬೆಳಿಗ್ಗೆ ಚಹಾ ಕುಡಿಯುತ್ತಾ, ಅಡುಗೆಮನೆ ಬಚ್ಚಲುಮನೆ ಎರಡನ್ನೂ ಒಡೆಸಿ ಹೊಸದಾಗಿ ಮಾಡಿಸೋಣ ಎಂದುಬಿಟ್ಟಿರಿ. ನನಗೆ ಚಹಾ ನೆತ್ತಿಗೇರಿತು. ಕೇಳಿದ್ದನ್ನು ಕೊಡದವರು ಕೇಳದೆಯೇ ಕೊಟ್ಟರೆ ಎರಡು ಹೆಜ್ಜೆ ಹಿಂದೆ ಸರಿದು ನಿಲ್ಲಬೇಕು. ನಾನು ಸರಿದು ನಿಂತೆ.

ನನ್ನ ಹೊಟ್ಟೆಯಲ್ಲೂ ಒಂದು ಗುಟ್ಟಿತ್ತಲ್ಲ. ನಾನು ಕೆಲಸ ಮಾಡುವ ಕನ್ನಡಕದ ಅಂಗಡಿಯ ಯಜಮಾನರು, ದೂರದ ಊರಿಗೆ ಹೋಗಿ ಒಂದು ವರ್ಷ ಕಣ್ಣು ಪರೀಕ್ಷೆ ಕಲಿತು ಬಾ, ಬಂದ ಮೇಲೆ ಆ ಕುರ್ಚಿ ನಿನ್ನದೇ ಎಂದಿದ್ದರು. ನನಗೆ ಅದಕ್ಕಿಂತ ಬೇರೆ ಆಸೆಯಿರಲಿಲ್ಲ. ಆದರೂ ಬೇಡವೆಂದು ಹೇಳಿ ಬಂದಿದ್ದೆ. ನಾನು ಹೋದರೆ ಒಲೆಯ ಮುಂದೆ ಯಾರು? ಮಂಡಿ ಹಿಡಿದುಕೊಂಡು ಏಳುವ ನೀವಾ? ಇನ್ನೊಂದು ಭಯವೂ ಇತ್ತು, ಅದನ್ನು ಇವರಿಗೂ ಹೇಳಿರಲಿಲ್ಲ. ಆ ಮನೆಯಲ್ಲಿ ನನಗೊಂದು ಜಾಗ ಅಂತಿದ್ದರೆ ಅದು ಒಲೆಯ ಮುಂದಿನದು ಮಾತ್ರ. ಅದನ್ನು ಬಿಟ್ಟು ಹೋದರೆ ತಿರುಗಿ ಬರುವಾಗ ಯಾರ ಜಾಗಕ್ಕೆ ಬರುವುದು?

ಮೇಸ್ತ್ರಿ ಬಂದ. ಅಳತೆ ಪಟ್ಟಿ ಮಡಚಿ ಜೇಬಿಗಿಟ್ಟು, "ಅಕ್ಕ, ಬನ್ನಿ, ಗೋಡೆಗೆ ನಿಂತ್ಕೊಳಿ, ಮೊಣಕೈ ಮಡಚಿ" ಅಂದ. ಅಡುಗೆ ಮಾಡುವವರ ಮೊಣಕೈಗಿಂತ ಒಂದು ಅಂಗೈ ಅಗಲ ಕೆಳಗೆ ಕಟ್ಟೆ ಬಂದರೆ ಬೆನ್ನೂ ನೋಯುವುದಿಲ್ಲ, ಭುಜವೂ ನೋಯುವುದಿಲ್ಲವಂತೆ. ಅಂಗೈ ಇಟ್ಟು, ಅದರ ಕೆಳಗೆ ಪೆನ್ಸಿಲ್ಲಿನಲ್ಲಿ ಗೀಟು ಎಳೆದ. ಆ ಗೀಟನ್ನು ನಾನು ಹೋಗುತ್ತಾ ಬರುತ್ತಾ ನೋಡಿದೆ. ಆ ಮನೆಯ ಗೋಡೆಯ ಮೇಲೆ ನನ್ನದು ಅಂತ ಬಿದ್ದ ಮೊದಲ ಗುರುತು ಅದು.

ಮಾರನೆಯ ಬೆಳಿಗ್ಗೆ ಅದು ಇರಲಿಲ್ಲ. ಯಾರೋ ಒದ್ದೆ ಬಟ್ಟೆಯಲ್ಲಿ ಒರೆಸಿದ್ದರು. ಅದಕ್ಕಿಂತ ಸಾಕಷ್ಟು ಮೇಲೆ ಬೇರೆ ಗೀಟು ಬಿದ್ದಿತ್ತು. ನಾನು ಅದರ ಮುಂದೆ ನಿಂತು ಮೊಣಕೈ ಮಡಚಿದೆ. ಭುಜ ಕಿವಿಗೆ ಬಂತು. ಮೇಸ್ತ್ರಿಯನ್ನು ಕೇಳಿದರೆ ಅವನು ಬಕೆಟ್ಟಿನೊಳಗೆ ಮುಖ ಹಾಕಿ ಸಿಮೆಂಟು ಕಲಸಿದ. ನಿಮ್ಮನ್ನು ಕೇಳಿದರೆ, "ಹಳೇ ಮನೆ, ಗೋಡೆ ಕುಸಿದಿರಬೇಕು, ಅದಕ್ಕೆ ಗೀಟು ಮೇಲೆ ಹೋಗಿದೆ" ಅಂದಿರಿ. ಗೋಡೆ ಕುಸಿದರೆ ಗೀಟು ಕೆಳಗೆ ಬರಬೇಕಲ್ಲವಾ ಅತ್ತೆ? ಸುಳ್ಳು ಹೇಳಿ ಅಭ್ಯಾಸವಿಲ್ಲದವರು ಹೇಳುವ ಸುಳ್ಳು ಅದು.

ಅಂದಿನಿಂದ ನಾನು ಪತ್ತೇದಾರಳಾದೆ. ಒಲೆ ನಡುಮನೆಗೆ ಬಂದಿತ್ತು, ಇವರು ಗಡಿಯಾರ ರಿಪೇರಿ ಮಾಡುವ ಮೇಜಿನ ಪಕ್ಕಕ್ಕೆ. ಸ್ನಾನಕ್ಕೆ ಪಕ್ಕದ ಮನೆಗೆ ಟವೆಲ್ಲು ಹೆಗಲಿಗೆ ಹಾಕಿಕೊಂಡು ಹೋಗುತ್ತಿದ್ದೆವು. ಊಟದಲ್ಲಿ ಗಾರೆಯ ಧೂಳು ಕಟಕಟ ಅನ್ನುತ್ತಿತ್ತು. ಅದೆಲ್ಲದರ ನಡುವೆ ನನ್ನ ಕಣ್ಣು ನಿಮ್ಮ ಮೇಲೆ. ನೀವು ಇವರಿಗೆ "ಹಾಲು ನೋಡ್ಕೋ", "ಅದನ್ನೊಂದು ಸಲ ಕೈಯಾಡಿಸು" ಅನ್ನುತ್ತಿದ್ದಿರಿ. ಇವರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡೇ ಹಾಲು ನೋಡುತ್ತಿದ್ದರು. ನಾನದನ್ನು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ. ಕಳ್ಳನನ್ನು ಹುಡುಕುವವರು ಮನೆಯ ಬೆಕ್ಕನ್ನು ನೋಡುತ್ತಾರಾ?

ನಿಮ್ಮ ಕನ್ನಡಕದ ಸ್ಕ್ರೂ ಬಿಗಿ ಮಾಡಲು ಡಬ್ಬಿ ತೆರೆದಾಗ ಸಿಕ್ಕಿತು, ಸುತ್ತಿಟ್ಟ ದಾರ. ಒಂದೇ ಒಂದು ಗಂಟು. ಒಂದು ತುದಿಯನ್ನು ಕಾಲಿನಡಿ ಹಿಡಿದು ನೆಟ್ಟಗೆ ಎಳೆದೆ. ಗಂಟು ಸರಿಯಾಗಿ ಆ ಹೊಸ ಗೀಟಿಗೆ ಬಂತು. ಅಂದರೆ ನೀವು ಯಾರನ್ನೋ ಅಳೆದಿದ್ದೀರಿ. ಆ ಯಾರೋ ನಾನಲ್ಲ.

ಆಗ ನನ್ನ ಓರಗಿತ್ತಿ ನೆನಪಾದಳು. ನಿಮ್ಮ ಕಿರಿಸೊಸೆ ನನಗಿಂತ ಉದ್ದ. ಗೋಡೆ ಒಡೆಸುವ ಮುಂಚಿನ ವಾರ ತನ್ನ ಮನೆಯಿಂದ ಬಂದಿದ್ದಳು. ಹಿತ್ತಲಲ್ಲಿ ನೀವಿಬ್ಬರೂ ಗುಸುಗುಸು ಮಾತಾಡಿ, ನಾನು ಹೋದ ಕೂಡಲೇ ಒಗೆದ ಬಟ್ಟೆಯ ಸುದ್ದಿಗೆ ಹಾರಿದಿರಿ. ಎಲ್ಲ ಕೂಡಿಕೊಂಡಿತು. ಅವಳು ಬರುತ್ತಾಳೆ, ಅಡುಗೆಮನೆ ಅವಳದಾಗುತ್ತದೆ. ಎರಡು ರಾತ್ರಿ ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದೆ. ಇವರು ಏನಾಯಿತೆಂದು ಕೇಳಿದರೆ ಧೂಳು ಅಂದೆ.

ತಡೆಯಲಾಗದೆ ಅವಳನ್ನು ಹೊಸ ಟೈಲ್ಸ್ ಬಣ್ಣ ನೋಡಲು ಅಂತ ಕರೆಸಿದೆ. ಮಾತಾಡುತ್ತಾ ಆಡುತ್ತಾ ಗೀಟಿನ ಮುಂದೆ ನಿಲ್ಲಿಸಿ, ಮೊಣಕೈ ಮಡಚೆಂದೆ. ಗೀಟು ಅವಳ ಮೊಣಕೈಗೇ ಬಂತು, ಅಂಗೈ ಅಗಲದ ಜಾಗವೆಲ್ಲಿ! "ಅಯ್ಯೋ ಅಕ್ಕ, ಇಲ್ಲಿ ಅಡುಗೆ ಮಾಡಿದ್ರೆ ಹೆಗಲು ಕಿತ್ತು ಬರುತ್ತೆ. ಯಾವ ರಾಕ್ಷಸಿಗೆ ಕಟ್ಟಿಸ್ತಿದೀರಿ?" ಎಂದು ನಕ್ಕಳು. ಅವಳು ನಿರಪರಾಧಿ. ಆದರೆ ನನಗೆ ನಗು ಬರಲಿಲ್ಲ. ಕಾಣುವ ಓರಗಿತ್ತಿಯ ಜೊತೆ ಜಗಳವಾದರೂ ಆಡಬಹುದು. ಕಾಣದ ರಾಕ್ಷಸಿಯ ಜೊತೆ ಏನು ಮಾಡುವುದು?

ಕಟ್ಟೆಯ ಕಲ್ಲು ಕೂತಿತು. ಬಚ್ಚಲುಮನೆಯ ಬಾಗಿಲು ಎತ್ತರವಾಯಿತು, ನೀರು ಕಿಂಡಿಯ ದಾರಿ ಹಿಡಿಯಿತು. ಒಗೆಯುವ ಕಲ್ಲು ನೆಲ ಬಿಟ್ಟು ಅದೇ ರಾಕ್ಷಸಿಯ ಎತ್ತರಕ್ಕೆ ಏರಿ ಕೂತಿತು. ಕೊನೆಯ ದಿನ ಮೇಸ್ತ್ರಿ ಸಂದು ತುಂಬುತ್ತಿದ್ದ. ಅಡುಗೆಮನೆಯ ಗೋಡೆಗೆ ಗಡಿಯಾರ ತಗುಲಿಸಲು ಇವರು ಒಳಗೆ ಬಂದರು. ಮುಳ್ಳು ಸಡಿಲವಾಗಿದೆ ಎಂದು ಗಡಿಯಾರವನ್ನು ಕಟ್ಟೆಯ ಮೇಲೆ ಮಲಗಿಸಿ ಬಿಚ್ಚತೊಡಗಿದರು. ಬಾಗಲಿಲ್ಲ, ಭುಜ ಎತ್ತಲಿಲ್ಲ. ಮೊಣಕೈಗೂ ಕಲ್ಲಿಗೂ ನಡುವೆ ಒಂದು ಅಂಗೈ ಅಗಲದ ಜಾಗ.

ಮೇಸ್ತ್ರಿಯ ಕರಣೆ ನಿಂತಿತು. ನೀವು ಕಿಟಕಿಯ ಕಡೆ ತಿರುಗಿದಿರಿ. ನಾನು ಕಲ್ಲನ್ನು ನೋಡಿದೆ, ಇವರನ್ನು ನೋಡಿದೆ, ನಿಮ್ಮ ಬೆನ್ನನ್ನು ನೋಡಿದೆ. ಆ ಬೆನ್ನು ನಗುತ್ತಿತ್ತು.

ಆಮೇಲೆ ನೀವು ಹೇಳಿದ್ದನ್ನು ಇಲ್ಲಿ ದಿನಾ ನೆನೆಯುತ್ತೇನೆ. ಅಂಗಡಿಯ ಯಜಮಾನರು ನಿಮಗೆ ರಸ್ತೆಯಲ್ಲಿ ಸಿಕ್ಕು, ನಾನು ಬೇಡವೆಂದು ಬಂದದ್ದನ್ನು ಹೇಳಿದ್ದರಂತೆ. ಅಂದೇ ನೀವು ಮೇಸ್ತ್ರಿಯ ಮನೆಗೆ ಹೋಗಿದ್ದಿರಂತೆ. ಕಿರಿಸೊಸೆಯ ಜೊತೆ ಗುಸುಗುಸು, ಅವಳ ಗಂಡ ಮನೆಗೆಲಸಕ್ಕೆ ಕೈಹಾಕುತ್ತಾನಾ ಇಲ್ಲವಾ ಎಂಬ ವಿಚಾರಣೆಯಂತೆ. ಇವರು ಬಾಯಿ ಬಿಟ್ಟು, "ನಂಗೇನು ಅಡುಗೆ ಬರುತ್ತಾ ಅಮ್ಮ?" ಅಂದಾಗ, "ಗಡಿಯಾರದ ಹಲ್ಲು ಹಿಡಿಯೋ ಕೈಗೆ ಈರುಳ್ಳಿ ಹಿಡಿಯಕ್ಕೆ ಬರಲ್ವಾ? ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತಾರೆ. ಮಗನ ಕಾಲ ಯಾವಾಗ ಅಂತ ಯಾರೂ ಹೇಳಲಿಲ್ಲ. ನಾನು ಹೇಳ್ತಿದೀನಿ, ಇವತ್ತು" ಅಂದಿರಿ.

ಮೊದಲೇ ಹೇಳಬಾರದಿತ್ತಾ ಎಂದು ನಾನು ಅತ್ತುಬಿಟ್ಟೆ. "ಹೇಳಿದ್ರೆ ಅವನು ಒಪ್ತಿದ್ನಾ, ನೀನು ಬಿಡ್ತಿದ್ಯಾ? ಈಗ ಕಲ್ಲು ಕೂತಿದೆ. ಕಲ್ಲಿನ ಹತ್ರ ಯಾರು ವಾದ ಮಾಡ್ತೀರಿ?" ಅಂದಿರಿ. ಮತ್ತೆ ನನ್ನ ಕಡೆ ತಿರುಗಿ, ಮೆಲ್ಲಗೆ, "ನನ್ನ ಬೆನ್ನೂ ಬಂಗಾರದ್ದೇ ಆಗಿತ್ತು ಕಣೇ. ಯಾರೂ ಹೇಳಲಿಲ್ಲ" ಅಂದಿರಿ.

ಅತ್ತೆ, ಈಗ ಆ ಹೊಸ ಅನುಮಾನಕ್ಕೆ ಬರುತ್ತೇನೆ. ನಿನ್ನೆ ಫೋನಿನಲ್ಲಿ ಇವರು, ಅಡುಗೆ ತಾವೇ ಮಾಡಿದ್ದು ಎಂದರು. ಒಗ್ಗರಣೆ ಸೀದಿಲ್ಲ ಎಂದೂ ಅಂದರು. ಸೀದಿಲ್ಲ ಅಂದಾಗಲೇ ನನಗೆ ಕಿವಿ ನೆಟ್ಟಗಾಯಿತು. ಹಿಂದಿನಿಂದ ಮರದ ಕಾಲು ನೆಲಕ್ಕೆ ಎಳೆದ ಸದ್ದೂ ಬಂತು. ನಾನು ಹೊರಡುವ ಮುಂಚೆ ಮನೆಯಲ್ಲಿದ್ದ ಸ್ಟೂಲುಗಳನ್ನೆಲ್ಲ ಓರಗಿತ್ತಿಯ ಮನೆಗೆ ಕಳಿಸಿದ್ದೆ, ನಿಮ್ಮನ್ನು ನಾನು ಬಲ್ಲೆನಾದ್ದರಿಂದ. ಪಕ್ಕದ ಮನೆಯವರಿಂದ ತಂದಿರಾ? ಆ ಮಂಡಿ ಇಟ್ಟುಕೊಂಡು ಅದರ ಮೇಲೆ ಹತ್ತಿ, ಮಗನಿಗೆ ಒಗ್ಗರಣೆ ಹಾಕಿಕೊಡುತ್ತಿದ್ದೀರಾ?

ಇಳಿಯಿರಿ ಅತ್ತೆ. ಸೀದರೆ ಸೀಯಲಿ. ಒಂದು ವರ್ಷ ಸೀದದ್ದನ್ನೇ ಉಂಡು ನನ್ನನ್ನು ಹೊಗಳುತ್ತಿರಿ. ಆ ಕುರ್ಚಿಗೆ ಬಂದ ದಿನ ಮೊದಲು ನಿಮ್ಮ ಕಣ್ಣನ್ನೇ ಪರೀಕ್ಷೆ ಮಾಡುತ್ತೇನೆ. ಒಂದೊಂದೇ ಅಕ್ಷರ ತೋರಿಸಿ ನಿಜ ಹೇಳಿಸುತ್ತೇನೆ. ಅಲ್ಲಿಯವರೆಗೆ ನಿಮ್ಮ ಕಾಲು ನೆಲದ ಮೇಲೆಯೇ ಇರಲಿ, ನಿಮ್ಮ ಕೈ ನನ್ನ ತಲೆಯ ಮೇಲಿರಲಿ. ನಿಲುಕದಿದ್ದರೆ ಹೇಳಿ, ನಾನೇ ಬಾಗುತ್ತೇನೆ. ಇದೊಂದಕ್ಕೆ ಬಾಗಿದರೆ ನನ್ನ ಬೆನ್ನು ನೋಯುವುದಿಲ್ಲ.

ದೂರದಿಂದಲೂ ನಿಮ್ಮ ಮೇಲೊಂದು ಕಣ್ಣಿಟ್ಟಿರುವ,
ನಿಮಗಿಂತ ಉದ್ದನೆಯ ಹಿರಿಸೊಸೆ