ಮೈನಸ್ ಹದಿಮೂರರ ಕಾಲ್ಗುಣ

ನಾವುಂದ
೧೨ ನವೆಂಬರ್ ೨೦೨೫, ಬುಧವಾರ

ಪ್ರೀತಿಯ ಮೋಕ್ಷಿತಾ ಅತ್ತಿಗೆಗೆ ನಿಮ್ಮ ನಾದಿನಿ ನವ್ಯಾಳ ನಮಸ್ಕಾರ.

ನಾವೆಲ್ಲ ಕ್ಷೇಮ ಎಂದು ಬರೆಯಲು ಹೊರಟೆ, ಪೆನ್ನು ಮುಂದೆ ಹೋಗಲಿಲ್ಲ. ನಮ್ಮ ಮನೆಯ ಯಾವ ನಂಬರಿನಿಂದ ಮಾಡಿದರೂ ನೀವು ಫೋನ್ ಎತ್ತುತ್ತಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೆ ಫೋನನ್ನೇ ಕಡಲಿಗೆ ಬಿಸಾಡುತ್ತಿದ್ದೆ, ಆ ಮಾತು ಬೇರೆ. ಆದರೆ ಬರುವ ಭಾನುವಾರ ಎರಡೂ ಮನೆಯ ಹಿರಿಯರು ಕೋಟದ ನಿಮ್ಮ ತವರುಮನೆಯಲ್ಲಿ ಕೂತು ನಿಮ್ಮ ಮತ್ತು ಅಣ್ಣನ ಸಂಬಂಧ ಕಡಿಯುವ ಮಾತಾಡುತ್ತಾರಂತೆ. ಅದಕ್ಕೆ ಮೊದಲು ಇದನ್ನು ಓದಿಬಿಡಿ. ಆಮೇಲೆ ಹರಿದು ಒಲೆಗೆ ಹಾಕಿದರೂ ನನಗೆ ಬೇಸರವಿಲ್ಲ.

ನನಗೆ ಹೆದರಿಕೆಯಾಗುತ್ತಿದೆ ಅತ್ತಿಗೆ. ಯಾಕೆ ಎಂದು ಹೇಳಬೇಕಾದರೆ ಬಾಸ್ಕೆಟ್‌ಬಾಲಿನಿಂದಲೇ ಶುರು ಮಾಡಬೇಕು. ನೀವು ನಗುತ್ತೀರಿ, ಗೊತ್ತು. ನಗಿ, ನೀವು ನಕ್ಕು ಎಷ್ಟು ಕಾಲವಾಯಿತೋ.

ನಮ್ಮ ಕಾಲೇಜಿಗೆ ಹೊಸ ಕೋಚ್ ಬಂದಿದ್ದಾರೆ, ಉಲ್ಲಾಸ್ ಸರ್. ಯಾರು ಎಷ್ಟು ಪಾಯಿಂಟ್ ಹಾಕಿದರು ಎಂಬುದಷ್ಟೇ ಅವರಿಗೆ ಸಾಲದು, ಪ್ಲಸ್ ಮೈನಸ್ ಎಂಬ ಒಂದು ಲೆಕ್ಕ ಇಡುತ್ತಾರೆ. ನಾನು ಆಟಕ್ಕೆ ಇಳಿದ ಗಳಿಗೆಯಿಂದ ಹೊರಗೆ ಬರುವ ತನಕ ನಮ್ಮ ತಂಡ ಹಾಕಿದ ಪಾಯಿಂಟಿನಲ್ಲಿ ಎದುರಿನವರು ಹಾಕಿದ್ದನ್ನು ಕಳೆಯುವುದು. ಉಳಿದದ್ದು ನನ್ನ ಹೆಸರಿಗೆ. ನಾನು ಚೆಂಡು ಮುಟ್ಟಿದೆನೋ ಇಲ್ಲವೋ ಅದು ಕೇಳುವುದಿಲ್ಲ, ನಾನು ಅಲ್ಲಿ ಇದ್ದೆನೋ ಇಲ್ಲವೋ ಅಷ್ಟೇ. ಕುಂದಾಪುರದ ಮೊದಲ ಮ್ಯಾಚಿನಲ್ಲಿ ನಾನು ಎಂಟು ಪಾಯಿಂಟ್ ಹಾಕಿದ್ದೆ, ಮೊಣಕಾಲು ಸುಲಿದು ರಕ್ತ ಬಂದಿತ್ತು. ನನ್ನ ಹೆಸರಿಗೆ ಬಿದ್ದದ್ದು ಮೈನಸ್ ಹದಿಮೂರು. ನಮ್ಮ ಸುಪ್ರೀತಾ ಬಾಸ್ಕೆಟಿನ ಕಡೆಗೆ ಒಂದು ಸಲವೂ ಎಸೆದವಳಲ್ಲ, ಅವಳಿಗೆ ಪ್ಲಸ್ ಹನ್ನೊಂದು! ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ.

ಆ ಉರಿಯಲ್ಲೇ ಮನೆಗೆ ಬಂದು ಬಾಯಿ ಬಿಟ್ಟೆ. ಅಮ್ಮ ಬಂಗುಡೆ ಮೀನು ಕೊಯ್ಯುತ್ತಿದ್ದಳು. ಪೂರ್ತಿ ಕೇಳಿಸಿಕೊಂಡು, "ಹಂಗಾರೆ ಅದ್ ಕಾಲ್ಗುಣ ಅಲ್ದಾ? ಅದಕ್ಕೆಂತಕ್ಕೆ ಇಂಗ್ಲೀಷ್ ಹೆಸ್ರ್?" ಎಂದಳು. ನಾನು ಬಿದ್ದು ಬಿದ್ದು ನಕ್ಕೆ. ನಕ್ಕದ್ದು ಆ ದಿನ ಮಾತ್ರ.

ಮರುದಿನ ಬೆಳಿಗ್ಗೆ ಅಣ್ಣ ಕಡಲಿಗೆ ಹೊರಟಿದ್ದ. ನಮ್ಮ ದೋಣಿ ಹೋದ ಮೇಲೆ ಅವನು ಬೇರೆಯವರ ಬೋಟಿಗೆ ಹೋಗುವುದು ನಿಮಗೆ ಯಾರಾದರೂ ಹೇಳಿರಬಹುದು. ನಾನು ಎಂದಿನಂತೆ ಅವನ ಬುತ್ತಿ ಹಿಡಿದು ಬಾಗಿಲಿಗೆ ಬಂದೆ. ಅಮ್ಮ ನನ್ನ ಕೈಯಿಂದ ಬುತ್ತಿ ತೆಗೆದುಕೊಂಡು, "ನೀ ಒಂಚೂರ್ ಒಳ್ಗ್ ಇರ್" ಎಂದಳು. ಬೈದದ್ದಲ್ಲ, ಮೆಲ್ಲಗೇ ಹೇಳಿದ್ದು. ಬೈದಿದ್ದರೆ ತಿರುಗಿ ಬೈಯುತ್ತಿದ್ದೆ. ಮೆಲ್ಲಗೆ ಹೇಳಿದ್ದಕ್ಕೆ ಒಳಗೆ ಹೋದೆ.

ಆ ಸಂಜೆ ಅಣ್ಣ ಬರುವ ಹೊತ್ತಿಗೆ ಬರಲಿಲ್ಲ. ಫೋನ್ ತಾಗಲಿಲ್ಲ. ಅಪ್ಪಯ್ಯ ಬಂದರಿಗೆ ಹೋದರು. ಅಮ್ಮ ದೇವರಿಗೆ ದೀಪ ಹಚ್ಚಿ ಅಲ್ಲೇ ಕೂತಳು. ನಾನು ಕಡಲ ಕಡೆ ಹೋಗೋಣವೆಂದು ಚಪ್ಪಲಿ ಹಾಕಿದೆ, ಆದರೆ ಮರಳಿಗೆ ಕಾಲಿಡಲು ಧೈರ್ಯ ಬರಲಿಲ್ಲ. ನಾನು ಇಟ್ಟ ಹೆಜ್ಜೆಯಿಂದಲೇ ಏನಾದರೂ ಆಗಿಬಿಟ್ಟರೆ? ಡಿಗ್ರಿ ಓದುವ ಹುಡುಗಿ ನಾನು, ಹಾಗೆಲ್ಲ ಇಲ್ಲ ಎಂದು ನನಗೆ ಗೊತ್ತಿಲ್ಲವೇ? ಗೊತ್ತಿದ್ದೂ ಚಪ್ಪಲಿ ಬಿಚ್ಚಿ ಒಳಗೆ ಬಂದೆ. ಆಗ ಅಮ್ಮ ತಲೆಯೆತ್ತಿ ನನ್ನ ಮುಖ ನೋಡಿದಳು. ಆ ನೋಟವನ್ನು ನಾನು ಮೊದಲೇ ನೋಡಿದ್ದೆ. ನೀವು ಮದುವೆಯಾಗಿ ಬಂದ ವರ್ಷದ ಮಳೆಗಾಲದಲ್ಲೇ ನಮ್ಮ ನಾಡದೋಣಿ ಹೊಳೆ ಕಡಲು ಸೇರುವ ಅಳಿವೆಯಲ್ಲಿ ಮಗುಚಿ ಒಡೆದು, ಬಲೆ ಹೋಗಿ, ಅಣ್ಣ ಪಕ್ಕೆಲುಬು ಮುರಿದುಕೊಂಡು ಬಂದನಲ್ಲ, ಆ ದಿನ ನೆರೆಮನೆಯ ನಾಗು ದೊಡ್ಡಮ್ಮ "ಹೆಣ್ಣ್ ಬಂತ್, ದೋಣಿ ಹೋಯ್ತ್" ಎಂದಾಗ ಅಮ್ಮ ನಿಮ್ಮನ್ನು ನೋಡಿದ ನೋಟ ಅದು.

ಅಣ್ಣ ಬಂದ. ಐಸ್ ತುಂಬಿಸಲು ತಡವಾಯಿತಂತೆ, ಫೋನಿನಲ್ಲಿ ಚಾರ್ಜ್ ಇರಲಿಲ್ಲವಂತೆ. ಇಷ್ಟೇ ಸಂಗತಿ. ಆದರೆ ನನ್ನ ಹೆದರಿಕೆ ಅವನ ಜೊತೆ ವಾಪಸ್ ಬರಲಿಲ್ಲ. ಮುಂದಿನ ಮ್ಯಾಚಿನಲ್ಲಿ ಸರ್ ನನ್ನ ಹೆಸರು ಕರೆದಾಗ ಬೆಂಚಿನಿಂದ ಏಳಲಿಲ್ಲ. ಗೆರೆ ದಾಟಿದರೆ ನಮ್ಮವರು ಸೋಲಲು ಶುರು ಎಂದೇ ಅನಿಸುತ್ತಿತ್ತು. ಹೊಟ್ಟೆನೋವು ಎಂದು ಸುಳ್ಳು ಹೇಳಿ ಕೂತೆ. ಆ ಕೂತ ಹೊತ್ತಿನಲ್ಲಿ ನಿಮ್ಮ ನೆನಪು ಬಂತು. ನಮ್ಮ ಮನೆಯಲ್ಲಿ ಕೊನೆಕೊನೆಗೆ ನೀವು ಅಡುಗೆಮನೆಯ ಮೂಲೆ ಬಿಟ್ಟು ಹೊರಗೇ ಬರುತ್ತಿರಲಿಲ್ಲ. ಯಾಕೆಂದು ನಾನು ಆಗ ಕೇಳಲಿಲ್ಲ, ಈಗ ಕೇಳಬೇಕಾಗಿಲ್ಲ.

ಇನ್ನು ಅಮ್ಮನ ಪ್ರತಾಪ ಕೇಳಿ. ನಾನು ಆಡಲು ಹೆದರುತ್ತಿದ್ದೇನೆ ಎಂದು ಯಾರು ಅವಳ ಕಿವಿಗೆ ಹಾಕಿದರೋ, ಶನಿವಾರ ಮೀನು ಮಾರಿ ಮುಗಿಸಿ ಬುಟ್ಟಿ ಸಮೇತ ಕುಂದಾಪುರದ ಮೈದಾನಕ್ಕೇ ಬಂದಳು. ನಾವೆಲ್ಲ ಪ್ರಾಕ್ಟೀಸಿನಲ್ಲಿದ್ದೆವು. ನೇರ ಸರ್ ಎದುರು ಹೋಗಿ, "ಹ್ವಾಯ್ ಮಾಷ್ಟ್ರೆ, ನನ್ ಮಗ್ಳ್ ಕಾಲ್ಗುಣ ಸಮ ಇಲ್ಲ ಅಂತ ಹೇಳುಕೆ ನೀವ್ಯಾರ್? ಅವ್ಳೊಬ್ಳೇ ಆಡುದಾ? ಉಳ್ದ ನಾಕ್ ಜನ ಎಂತ ಮಾಡ್ತಿದ್ರ್?" ಎಂದು ಜಗಳಕ್ಕೆ ನಿಂತಳು. ನನಗೆ ಭೂಮಿ ಬಾಯಿ ಬಿಟ್ಟರೆ ಸಾಕಿತ್ತು.

ಸರ್ ಕೋಪ ಮಾಡಲಿಲ್ಲ. ಕೂರಿಸಿ ನೀರು ಕೊಟ್ಟು, ನೀವು ಕೇಳಿದ್ದೇ ಸರಿಯಾದ ಪ್ರಶ್ನೆ ಎಂದರು. ನಮ್ಮ ಕ್ಯಾಪ್ಟನ್ ಕುಸುಮ ಫೌಲ್ ಹೆಚ್ಚಾಗಿ ಹೊರಗೆ ಕೂತಾಗಲೇ ಅವರು ನನ್ನನ್ನು ಇಳಿಸಿದ್ದಂತೆ. ಎದುರಿನವರ ಎತ್ತರದ ಹುಡುಗಿ ಒಳಗೆ ಬಂದದ್ದೂ ಆಗಲೇ. ಆ ಹೊತ್ತಿನಲ್ಲಿ ಯಾರನ್ನು ಇಳಿಸಿದ್ದರೂ ಮೈನಸ್ಸೇ ಬರುತ್ತಿತ್ತು ಎಂದರು. ಹಾಗಂತ ಆ ಲೆಕ್ಕ ಬರೀ ಸುಳ್ಳಲ್ಲವಂತೆ. ಸುಪ್ರೀತಾ ಪಾಯಿಂಟ್ ಹಾಕದಿದ್ದರೂ ಎದುರಿನವರ ದಾರಿಗೆ ಅಡ್ಡ ನಿಂತು ಬೇರೆಯವರಿಗೆ ಜಾಗ ಮಾಡಿಕೊಡುತ್ತಾಳೆ, ಅಂಥ ಕಣ್ಣಿಗೆ ಬೀಳದ ಕೆಲಸವನ್ನು ಹಿಡಿಯುವುದು ಆ ಲೆಕ್ಕವೊಂದೇ. ಆದರೆ ಹತ್ತಾರು ಮ್ಯಾಚ್ ಆಗಬೇಕು, ಯಾರ ಜೊತೆ ಆಡಿದಳು, ಯಾರ ಎದುರು ಆಡಿದಳು ಎಂದು ನೋಡಬೇಕು. "ಒಂದು ಆಟ ನೋಡಿ ಒಬ್ಬಳ ತಲೆಗೆ ಕಟ್ಟಿದರೆ ಅದು ಲೆಕ್ಕ ಅಲ್ಲಮ್ಮ, ಅನ್ಯಾಯ" ಎಂದರು. ನಾನು ಕಣ್ಣಿಟ್ಟಿರುವ ಯೂನಿವರ್ಸಿಟಿ ಟೀಮಿಗೆ ನನ್ನನ್ನು ತೆಗೆದುಕೊಳ್ಳುತ್ತೇನೆ ಎಂದು ಮಾತ್ರ ಹೇಳಲಿಲ್ಲ. ಆ ಮನುಷ್ಯ ಅಷ್ಟು ಸುಲಭಕ್ಕೆ ಬಗ್ಗುವವರಲ್ಲ.

ಅಮ್ಮ ಬುಟ್ಟಿ ಎತ್ತಿಕೊಂಡು ನನ್ನ ಜೊತೆ ಬಸ್ ಹತ್ತಿದಳು. ಮರವಂತೆಯಲ್ಲಿ ರಸ್ತೆ ಪಕ್ಕಕ್ಕೇ ಕಡಲು ಬರುತ್ತದಲ್ಲ, ಅಲ್ಲಿ ಕಿಟಕಿಯ ಕಡೆ ತಿರುಗಿಯೇ ಹೇಳಿದಳು, "ಆ ಹೆಣ್ಣ್ ದೋಣಿಗ್ ಹತ್ಲೇ ಇಲ್ಲ ಅಲ್ದಾ ನವ್ಯಾ."

ಆ ಹೆಣ್ಣು ಎಂದದ್ದು ನಿಮ್ಮನ್ನು. ಅತ್ತಿಗೆ, ನನಗಾದರೂ ಆಟದೊಳಗೆ ಇದ್ದದ್ದಕ್ಕೆ ಮೈನಸ್ ಬಿತ್ತು. ನೀವು ಆ ದಿನ ಮನೆಯಲ್ಲಿ ಅಕ್ಕಿ ಆರಿಸುತ್ತಿದ್ದಿರಿ. ಅಳಿವೆಯಲ್ಲಿ ಮರಳು ತುಂಬಿದ್ದು ನಿಮ್ಮ ಕಾಲಿಗೆ ಹೇಗೆ ಗೊತ್ತಾಗಬೇಕು? ದೋಣಿಯಲ್ಲಿದ್ದವರೆಲ್ಲ ಜೀವಸಹಿತ ವಾಪಸ್ ಬಂದರು. ಅದನ್ನು ಯಾರೂ ನಿಮ್ಮ ಹೆಸರಿಗೆ ಹಾಕಲಿಲ್ಲ. ಕುಡಿದು ಬರುತ್ತಿದ್ದ ಅಪ್ಪಯ್ಯ ನಿಮ್ಮ ಎದುರು ನಾಚಿಕೆಯಾಗಿ ಬಿಟ್ಟರು, ಅದನ್ನೂ ಹಾಕಲಿಲ್ಲ.

ಮೊನ್ನೆಯ ಮ್ಯಾಚಿನಲ್ಲಿ ಸರ್ ನನ್ನನ್ನು ಕುಸುಮಳ ಜೊತೆಗೇ ಇಳಿಸಿದರು. ಒಂದು ಪಾಯಿಂಟೂ ಹಾಕಲಿಲ್ಲ. ಪ್ಲಸ್ ಏಳು ಬಂತು. ಎಲ್ಲರೂ ಬೆನ್ನು ತಟ್ಟಿದರು. ನನಗೆ ಮಾತ್ರ ಇನ್ನಷ್ಟು ಹೆದರಿಕೆಯಾಯಿತು. ಏನೂ ಮಾಡದೆ ಒಳ್ಳೆಯವಳಾಗುವುದಾದರೆ, ಏನೂ ಮಾಡದೆ ಕೆಟ್ಟವಳಾಗಲು ಎಷ್ಟು ಹೊತ್ತು ಬೇಕು?

ಅಣ್ಣ ಸರಿಯಾಗಿ ಊಟ ಮಾಡುತ್ತಿಲ್ಲ, ನಿದ್ದೆಯಿಲ್ಲ. ಅಂಥವನು ಬೋಟ್ ಹತ್ತಿದರೆ ಅವನು ತಿರುಗಿ ಬರುವ ತನಕ ನನ್ನ ಜೀವ ಬಾಯಿಗೆ ಬಂದಿರುತ್ತದೆ. ಅಮ್ಮ ನಿಮ್ಮನ್ನು ಹಾಗೆ ನೋಡಿದಾಗ ಅವನು ಬಾಯಿ ತೆರೆಯಬೇಕಿತ್ತು, ತೆರೆಯಲಿಲ್ಲ. ಅದಕ್ಕೆ ನೀವು ಅವನಿಗೆ ಬೇಕಾದಷ್ಟು ಬೈಯಿರಿ, ನಾನೂ ಸೇರಿಕೊಳ್ಳುತ್ತೇನೆ. ಆದರೆ ಹತ್ತಿರ ಇದ್ದು ಬೈಯಿರಿ. ಭಾನುವಾರ ಹಿರಿಯರ ಎದುರು ಒಂದು ಮಾತು ಬಾಯಿಂದ ಬಿದ್ದರೆ ಆಮೇಲೆ ಹೆಕ್ಕಲಿಕ್ಕಾಗುವುದಿಲ್ಲ. ಆ ಮಾತು ಬೀಳದಿರಲಿ ಎಂದು ಬೇಡುತ್ತೇನೆ.

ಹೆದರುತ್ತಲೇ ಕಾಯುತ್ತಿರುವ,
ನಿಮ್ಮ ನಾದಿನಿ
ನವ್ಯಾ

ತಾ.ಕ.: ಈ ಕಾಗದ ತಂದದ್ದು ಅಮ್ಮ. ಕೋಟಕ್ಕೆ ಮೀನು ಮಾರಲು ಬಂದಿದ್ದೆ, ಹಾಗೇ ಕೊಟ್ಟು ಹೋಗೋಣ ಅಂತ ಬಂದೆ ಎನ್ನುತ್ತಾಳೆ. ನಂಬಬೇಡಿ, ಬುಟ್ಟಿ ಬರಿದು. ನೀವು ಇದನ್ನು ಓದಿ ಮುಗಿಸುವ ತನಕ ಅವಳು ನಿಮ್ಮ ಮನೆಯ ಅಂಗಳದಲ್ಲೇ ನಿಂತಿರುತ್ತಾಳೆ, ಮೆಟ್ಟಿಲು ಹತ್ತುವುದಿಲ್ಲ. "ನನ್ ಕಾಲ್ಗುಣ ಆ ಮನೆಗ್ ಆತ್ತೋ ಇಲ್ಯೋ" ಎಂದು ಬೆಳಿಗ್ಗೆಯಿಂದ ನನ್ನನ್ನು ಕೇಳುತ್ತಿದ್ದಾಳೆ. ದಯವಿಟ್ಟು ಒಳಗೆ ಕರೆಯಿರಿ.